ಕಡಲಡಿಯಲ್ಲಿ ಹರಿಯುವ ಬೆಳಕು

ಪುಂಜಾಲಕಟ್ಟೆಯು ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಹೆದ್ದಾರಿಯ ಮೇಲಿನ ಒಂದು ಸಣ್ಣ ಪೇಟೆ. ಸುತ್ತಲೂ ಗುಡ್ಡಗಳು, ಗುಡ್ಡಗಳ ಸಂದಿನಲ್ಲಿ ಅಡಿಕೆಯ ತೋಟಗಳು, ಆಕಾಶವು ತಿಳಿಯಾಗಿರುವ ದಿನ ಈಶಾನ್ಯ ದಿಕ್ಕಿನಲ್ಲಿ ಕುದುರೆಮುಖದ ನೀಲಿ ಸಾಲು. ಈ ಹೆದ್ದಾರಿಯನ್ನು ಅಗಲಗೊಳಿಸುವ ಕೆಲಸ ನಡೆಯುತ್ತಿದ್ದ ದಿನಗಳಲ್ಲಿ, ಜೂನ್ ತಿಂಗಳ ಒಂದು ಸಂಜೆ, ಅಲ್ಲಿನ ದಿನಸಿ ಅಂಗಡಿಯೊಂದರಲ್ಲಿ ಸಾಮಾನು ಕೊಂಡು ಹಣ ಕೊಡಲೆಂದು ಮೊಬೈಲನ್ನು ಹೊರತೆಗೆದೆ. ಅಂಗಡಿಯವರು ತಲೆಯಲ್ಲಾಡಿಸಿದರು.

“ಅದು ಇವತ್ತು ಹೋಗುವುದಿಲ್ಲ ಸರ್. ಮಧ್ಯಾಹ್ನದಿಂದ ಯಾರದ್ದೂ ಹೋಗಲಿಲ್ಲ. ಬರೆದಿಡುತ್ತೇನೆ, ನಾಳೆ ಕೊಟ್ಟರೆ ಸಾಕು.”

ಹೀಗೆಂದು ಅವರು ಮೇಜಿನ ಖಾನೆಯಿಂದ ಉದ್ರಿ ಪುಸ್ತಕವನ್ನು ತೆಗೆದರು. ಅದರ ಮೇಲಿನ ಧೂಳನ್ನು ನೋಡಿದರೆ, ಅದಕ್ಕೆ ಬಹಳ ದಿನಗಳಿಂದ ಬಿಡುವು ಸಿಕ್ಕಿದ್ದಿತೆಂದು ತಿಳಿಯುತ್ತಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದ ವಿದ್ಯಾರ್ಥಿಯೊಬ್ಬನು ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದು ಕೇಳಿದನು: “ಟವರ್ ಅಲ್ಲೇ ಗುಡ್ಡೆಯ ಮೇಲೆ ಕಾಣ್ತದೆ ಸರ್. ಸಿಗ್ನಲ್ ಫುಲ್ ಉಂಟು. ಮತ್ತೆ ಯಾಕೆ ಹೋಗುವುದಿಲ್ಲ?”

ಪ್ರಶ್ನೆ ಚೆನ್ನಾಗಿದೆ. ಮೊಬೈಲಿನ ಮೇಲಂಚಿನಲ್ಲಿ ಕಾಣುವ ಆ ನಾಲ್ಕು ಗೆರೆಗಳು ನಮ್ಮ ಕೈಯಲ್ಲಿರುವ ಉಪಕರಣಕ್ಕೂ ಹತ್ತಿರದ ಗೋಪುರಕ್ಕೂ ನಡುವಣ ರೇಡಿಯೋ ಅಲೆಗಳ ಬಲವನ್ನು ಮಾತ್ರ ತೋರಿಸುತ್ತವೆ. ಆ ದಾರಿ ಹೆಚ್ಚೆಂದರೆ ಕೆಲವು ಕಿಲೋಮೀಟರು. ಅಲ್ಲಿಂದ ಮುಂದೆ ನಮ್ಮ ಸಂದೇಶವು ಗಾಳಿಯಲ್ಲಿ ಹೋಗುವುದಿಲ್ಲ. ಬಹುಮಟ್ಟಿಗೆ ನೆಲದೊಳಗಿನ ಗಾಜಿನ ಎಳೆಯಲ್ಲಿ ಹೋಗುವುದು. ಹತ್ತು ರೂಪಾಯಿಯ ಬೆಂಕಿಪೊಟ್ಟಣಕ್ಕೆ ಹಣ ಕೊಟ್ಟರೂ, ಆ ಸುದ್ದಿಯು ದೂರದ ನಗರದಲ್ಲಿರುವ ಬ್ಯಾಂಕುಗಳ ಗಣಕಯಂತ್ರಗಳನ್ನು ಮುಟ್ಟಿ, ಅಲ್ಲಿ ಒಬ್ಬರ ಲೆಕ್ಕದಿಂದ ಕಳೆದು ಇನ್ನೊಬ್ಬರ ಲೆಕ್ಕಕ್ಕೆ ಸೇರಿಸಲ್ಪಟ್ಟು, ಅಂಗಡಿಗೆ ಮರಳಿ ಬರಬೇಕು. ಅಂದು ಮಧ್ಯಾಹ್ನ ಮಣ್ಣು ಅಗೆಯುವ ಯಂತ್ರವೊಂದು ರಸ್ತೆಯ ಬದಿಯಲ್ಲಿ ಆ ಗಾಜಿನ ಎಳೆಯನ್ನು ಕಿತ್ತುಹಾಕಿದ್ದಿತು. ಗೋಪುರವು ನಿಂತಿತ್ತು, ಅಲೆಗಳನ್ನು ಸೂಸುತ್ತಲೂ ಇತ್ತು. ಆದರೆ ಅದಕ್ಕೆ ಹೇಳಬೇಕಾದ ಸುದ್ದಿಯೇ ಬರುತ್ತಿರಲಿಲ್ಲ. ಪುಂಜಾಲಕಟ್ಟೆಯು ಕೆಲವು ಗಂಟೆಗಳ ಮಟ್ಟಿಗೆ ದ್ವೀಪವಾಯಿತು.

ನಿಜವಾದ ದ್ವೀಪದಲ್ಲಿ ವ್ಯಾಪಾರ ಮಾಡುವವರ ಪಾಡೇನು? ಇದಕ್ಕಾಗಿ ನಾವು ಬಹು ದೂರ ಹೋಗಬೇಕಾಗಿಲ್ಲ. ಮಂಗಳೂರಿನಿಂದ ನೈರುತ್ಯಕ್ಕೆ ಸುಮಾರು 300 ಕಿಲೋಮೀಟರು ದೂರದಲ್ಲಿ ಅಮೀನಿ ಎಂಬ ದ್ವೀಪವಿದೆ. ಅಮೀನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ಎಂಬ ಈ ದ್ವೀಪಗಳ ಗುಂಪು ಒಂದು ಕಾಲದಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದಿತೆಂಬುದು ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿಯದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇವು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಿಂದ ಟಿಪ್ಪುಸುಲ್ತಾನನ ಆಳ್ವಿಕೆಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಇಂಗ್ಲಿಷರ ವಶವಾಗಿ, ಮಂಗಳೂರಿನಿಂದ ಆಳಲ್ಪಟ್ಟವು. 1956ರ ನವೆಂಬರ್ 1ರಂದು, ಮಲಬಾರಿಗೆ ಸೇರಿದ್ದ ಇತರ ದ್ವೀಪಗಳೊಡನೆ ಕೂಡಿ, ಕೇಂದ್ರಾಡಳಿತ ಪ್ರದೇಶವಾದವು. ಲಕ್ಷದ್ವೀಪವೆಂಬ ಹೆಸರು ಬಂದುದು 1973ರಲ್ಲಿ.

ಈ ದ್ವೀಪಗಳೆಲ್ಲ ಸೇರಿ ಕೇವಲ 32 ಚದರ ಕಿಲೋಮೀಟರು ನೆಲ. 2011ರ ಜನಗಣತಿಯಂತೆ 64,473 ಜನ. ಹವಳದ ಹುಳುಗಳು ಕಟ್ಟಿದ ಈ ನೆಲವು ಸಮುದ್ರಮಟ್ಟದಿಂದ ಎದ್ದಿರುವುದು ಕೆಲವೇ ಅಡಿ. ಭತ್ತ ಬೆಳೆಯುವಷ್ಟು ಗದ್ದೆಯಿಲ್ಲ. ಇರುವುದು ತೆಂಗು ಮತ್ತು ಮೀನು. ಆದುದರಿಂದ ಅಲ್ಲಿನವರು ತೆಂಗಿನ ನಾರನ್ನು ಹೊಸೆದು ಹುರಿ ಮಾಡಿ, ಕಾಯಿ ಕೊಬ್ಬರಿಗಳೊಡನೆ ಹಾಯಿ ಓಡಗಳಲ್ಲಿ ತುಂಬಿಕೊಂಡು ಮಂಗಳೂರಿನ ಬಂದರಿಗೆ ಬರುತ್ತಿದ್ದರು. ಅಕ್ಕಿ, ಬಟ್ಟೆ, ಬೆಲ್ಲಗಳನ್ನು ತುಂಬಿಕೊಂಡು ಮರಳುತ್ತಿದ್ದರು. ಮುಂಗಾರು ಹಿಡಿಯಿತೆಂದರೆ ಹಾಯಿಗಳನ್ನು ಇಳಿಸಬೇಕು. ಆಮೇಲೆ ಕಡಲು ತಣಿಯುವವರೆಗೆ ಕರಾವಳಿಯಲ್ಲಿ ಏನಾಯಿತೆಂಬುದು ದ್ವೀಪಕ್ಕೆ ತಿಳಿಯದು, ದ್ವೀಪದಲ್ಲಿ ಏನಾಯಿತೆಂಬುದು ಕರಾವಳಿಗೆ ತಿಳಿಯದು. ಇಂದಿಗೂ ಮಂಗಳೂರಿನ ಹಳೆಯ ಬಂದರಿನಿಂದ ಮಂಜಿಗಳು ದಿನಸಿ, ತರಕಾರಿ, ಜಲ್ಲಿಕಲ್ಲುಗಳನ್ನು ಹೊತ್ತು ಈ ದ್ವೀಪಗಳಿಗೆ ಹೋಗುತ್ತವೆ. ಇಂದಿಗೂ ಮಳೆಗಾಲದಲ್ಲಿ ಅವು ದಡ ಸೇರಿ ಕಟ್ಟಿಹಾಕಿಸಿಕೊಳ್ಳುತ್ತವೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಆ ಹಳೆಯ ಕಾಲದಲ್ಲಿ ಹುರಿಯ ವ್ಯಾಪಾರವು ಸರಕಾರದ ಏಕಸ್ವಾಮ್ಯವಾಗಿದ್ದಿತು. ದ್ವೀಪದವನು ತನ್ನ ಹುರಿಯನ್ನು ಸರಕಾರಕ್ಕೇ ಒಪ್ಪಿಸಬೇಕು. ಅದಕ್ಕೆ ಗೊತ್ತುಪಡಿಸಿದ ದರದಲ್ಲಿ ಅಕ್ಕಿಯನ್ನು ಪಡೆಯಬೇಕು. ಪೇಟೆಯಲ್ಲಿ ಹುರಿಯ ಬೆಲೆ ಏರಿದರೂ ಅವನ ಅಕ್ಕಿಯ ಮುಡಿಗಳು ಏರುವಂತಿರಲಿಲ್ಲ. ಏಕಸ್ವಾಮ್ಯವು ಕಾನೂನಿನಿಂದ ಬಂದುದು ನಿಜ. ಆದರೆ 300 ಕಿಲೋಮೀಟರು ನೀರಿನಾಚೆ ಕುಳಿತವನಿಗೆ ಇಂದಿನ ಪೇಟೆಯ ಧಾರಣೆಯು ತಿಳಿಯುವ ಬಗೆಯೇ ಇಲ್ಲದಿದ್ದುದು ಅದಕ್ಕೆ ಒಳ್ಳೆಯ ಕಾವಲಾಗಿದ್ದಿತೆಂದು ನನಗೆ ತೋರುತ್ತದೆ. ನಮ್ಮ ಅಡಿಕೆ ಬೆಳೆಗಾರರು ಇದನ್ನು ಸುಲಭವಾಗಿ ಒಪ್ಪಿಯಾರು. ಬೆಳಗ್ಗೆ ಮಂಗಳೂರಿನ ಧಾರಣೆಯನ್ನು ಮೊಬೈಲಿನಲ್ಲಿ ನೋಡಿ ಗೋಣಿಯನ್ನು ಕಟ್ಟುವವನಿಗೂ, ಹಿಂದೆ ಗಾಡಿ ಕಟ್ಟಿ ಬಂಟ್ವಾಳ ಪೇಟೆಗೆ ಹೋಗಿ ಸಾಹುಕಾರನು ಹೇಳಿದ ಧಾರಣೆಗೆ ಅಡಿಕೆಯನ್ನು ಸುರಿಯುತ್ತಿದ್ದ ಅವನ ಅಜ್ಜನಿಗೂ ಇರುವ ವ್ಯತ್ಯಾಸವು ಸಣ್ಣದಲ್ಲ.

ಇನ್ನು ವಿಜ್ಞಾನದ ಮಾತಿಗೆ ಬರೋಣ. ದ್ವೀಪದಲ್ಲಿ ಒಂದು ಗೋಪುರ, ಮಂಗಳೂರಿನಲ್ಲಿ ಒಂದು ಗೋಪುರ ನಿಲ್ಲಿಸಿ, ಮೊಬೈಲಿನ ಅಲೆಗಳಂತಹವುಗಳಿಂದಲೇ ಇವೆರಡನ್ನೂ ಏಕೆ ಜೋಡಿಸಬಾರದು? ಅಡ್ಡಿಯಾಗುವುದು ಭೂಮಿಯ ಗುಂಡಗಿನ ಆಕಾರ. ಕಿರಿದಾದ ತರಂಗದೂರವುಳ್ಳ ಅಲೆಗಳು ಬೆಳಕಿನಂತೆ ಬಹುಮಟ್ಟಿಗೆ ನೇರವಾಗಿ ಹೋಗುತ್ತವೆ. ದಿಗಂತದ ಕೆಳಗೆ ಬಾಗಿ ಇಳಿಯುವುದಿಲ್ಲ. ಎತ್ತರದಲ್ಲಿ ನಿಂತವನಿಗೆ ದಿಗಂತವು ಎಷ್ಟು ದೂರವೆಂಬುದನ್ನು ಪೈಥಾಗೊರಸನ ಪ್ರಮೇಯವನ್ನು ಬಲ್ಲ ಯಾವ ವಿದ್ಯಾರ್ಥಿಯಾದರೂ ಲೆಕ್ಕ ಹಾಕಬಹುದು: ಎತ್ತರವನ್ನು ಮೀಟರುಗಳಲ್ಲಿ ಬರೆದು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದೂರವು ಕಿಲೋಮೀಟರುಗಳಲ್ಲಿ ಬರುತ್ತದೆ. 50 ಮೀಟರು ಎತ್ತರದ ಗೋಪುರಕ್ಕೆ ಇದು ಸುಮಾರು 25 ಕಿಲೋಮೀಟರು. ಎರಡು ಕಡೆಯೂ ಅಂತಹ ಗೋಪುರಗಳಿದ್ದರೆ 50. ಬೇಕಾದುದು 300!

ಕುದುರೆಮುಖದ ಎತ್ತರ 1,894 ಮೀಟರು. ಹಿಂದೆ ಅರಬ್ಬೀ ಸಮುದ್ರದ ನಾವಿಕರಿಗೆ ಈ ಶಿಖರವು ಗುರುತಾಗಿದ್ದುದು ಅದರ ಎತ್ತರದಿಂದಲೇ. ನಮ್ಮ ಸೂತ್ರದಂತೆ ಅದರ ನೆತ್ತಿಯ ದಿಗಂತವು 155 ಕಿಲೋಮೀಟರು. ಅಂದರೆ ಕುದುರೆಮುಖವನ್ನು ಕಿತ್ತು ಮಂಗಳೂರಿನ ಕಡಲ ತೀರದಲ್ಲಿ ನಿಲ್ಲಿಸಿ, ಅದರ ತಮ್ಮನಂತಹ ಇನ್ನೊಂದು ಪರ್ವತವನ್ನು ಅಮೀನಿಯಲ್ಲಿ ನಿಲ್ಲಿಸಿದರೆ, ಎರಡು ಶಿಖರಗಳೂ ಒಂದನ್ನೊಂದು ಕಷ್ಟದಿಂದ ಇಣಿಕಿ ನೋಡಬಹುದು. ಅಮೀನಿಯಲ್ಲಿ ಇರುವ ಅತಿ ಎತ್ತರದ ವಸ್ತುವೆಂದರೆ ತೆಂಗಿನ ಮರಗಳ ಸಾಲಿಗೆ ಸೇರುವಂತಹದು. (ವಾಯುಮಂಡಲವು ರೇಡಿಯೋ ಅಲೆಗಳನ್ನು ಕೊಂಚ ಕೆಳಕ್ಕೆ ಬಾಗಿಸುವುದರಿಂದ ದೂರವು ಸುಮಾರು ಏಳರಲ್ಲಿ ಒಂದು ಪಾಲು ಹೆಚ್ಚುವುದುಂಟು; ಇದರಿಂದ ನಮ್ಮ ಕಷ್ಟವು ತೀರುವುದಿಲ್ಲ.)

ಹಾಗಾದರೆ 1901ರ ಡಿಸೆಂಬರಿನಲ್ಲಿ ಮಾರ್ಕೊನಿಯು ಅಟ್ಲಾಂಟಿಕ್ ಸಾಗರದಾಚೆಗೆ ರೇಡಿಯೋ ಸಂಕೇತವನ್ನು ಕಳುಹಿಸಿದುದು ಹೇಗೆ? ಈ ಪ್ರಶ್ನೆಯು ಅಂದಿನ ವಿದ್ವಾಂಸರನ್ನೂ ಕಾಡಿತು. ಮರುವರ್ಷವೇ ಕೆನೆಲಿ ಮತ್ತು ಹೆವಿಸೈಡರು, ಆಕಾಶದಲ್ಲಿ ಬಹು ಎತ್ತರದಲ್ಲಿ ವಿದ್ಯುತ್ ಕಣಗಳ ಪದರವೊಂದಿರಬೇಕೆಂದೂ, ಅಲೆಗಳು ಅದಕ್ಕೆ ಬಡಿದು ಮರಳುತ್ತವೆಂದೂ ಊಹಿಸಿದರು. 1924ರಲ್ಲಿ ಆಪಲ್ಟನನು ಇದನ್ನು ಪ್ರಯೋಗದಿಂದ ದೃಢಪಡಿಸಿದನು. ಈ ಅಯಾನ್ ಮಂಡಲದ ದೆಸೆಯಿಂದ ಹಡಗುಗಳೂ ದ್ವೀಪಗಳೂ ದಶಕಗಳ ಕಾಲ ಮಾತನಾಡಿವೆ. ಆದರೆ ಅದು ಸೂರ್ಯನ ಬಿಸಿಲಿಗೆ ತಕ್ಕಂತೆ ಹಗಲು ಒಂದು ಬಗೆ, ರಾತ್ರಿ ಒಂದು ಬಗೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಹೀಗೆ ಪುಟಿಯುವ ಅಲೆಗಳ ಪಟ್ಟಿಯು ಬಹಳ ಕಿರಿದು: ಹೆಚ್ಚೆಂದರೆ ಸೆಕೆಂಡಿಗೆ ಮೂರು ಕೋಟಿ ಆವರ್ತಗಳವರೆಗೆ. ಅದನ್ನು ಜಗತ್ತೆಲ್ಲ ಹಂಚಿಕೊಳ್ಳಬೇಕು. ಕಿರಿದಾದ ಪಟ್ಟಿಯಲ್ಲಿ ಹೆಚ್ಚು ಸುದ್ದಿಯನ್ನು ತುರುಕಲಾಗದು. ಇದು ಉಪಕರಣದ ದೋಷವಲ್ಲ, ಪ್ರಕೃತಿಯ ನಿಯಮ. ತುರ್ತು ಸಂದೇಶಕ್ಕೆ ಅದು ಸಾಕು, ವ್ಯಾಪಾರಕ್ಕೆ ಸಾಲದು.

ಇದಾದ ಮೇಲೆ ಬಂದುದು ಕೃತಕ ಉಪಗ್ರಹ. ವಿಷುವದ್ರೇಖೆಯ ಮೇಲೆ 35,786 ಕಿಲೋಮೀಟರು ಎತ್ತರದಲ್ಲಿ ಉಪಗ್ರಹವನ್ನಿರಿಸಿದರೆ, ಭೂಮಿಯು ಒಂದು ಸುತ್ತು ತಿರುಗುವಷ್ಟರಲ್ಲಿ ಅದೂ ಒಂದು ಸುತ್ತು ಬರುತ್ತದೆ. ನಮಗೆ ಅದು ಆಕಾಶದಲ್ಲಿ ಮೊಳೆ ಹೊಡೆದಂತೆ ನಿಂತಿರುವುದು. ಗೋಪುರದ ಎತ್ತರದ ಚಿಂತೆಯೇ ಇಲ್ಲ. ಲಕ್ಷದ್ವೀಪವು ಬಹು ವರ್ಷ ನೆಚ್ಚಿಕೊಂಡಿದ್ದುದು ಇದನ್ನೇ. ಆದರೆ ಲೆಕ್ಕ ಹಾಕಿ ನೋಡಿ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರು. ನೆಲದಿಂದ ಉಪಗ್ರಹಕ್ಕೆ ಹೋಗಿ ನೆಲಕ್ಕೆ ಇಳಿಯಲು ಸುಮಾರು ಕಾಲು ಸೆಕೆಂಡು. ಅದಕ್ಕೆ ಉತ್ತರ ಬರಲು ಇನ್ನೊಂದು ಕಾಲು ಸೆಕೆಂಡು. ಕವರತ್ತಿಯಿಂದ ಕೊಚ್ಚಿಗೆ 400 ಕಿಲೋಮೀಟರು ದೂರದ ಮಾತಿಗೆ ನಾವು 72,000 ಕಿಲೋಮೀಟರು ಸುತ್ತಿದಂತಾಯಿತು. ದೂರವಾಣಿಯಲ್ಲಿ ಇಬ್ಬರೂ ಒಟ್ಟಿಗೆ ಮಾತನಾಡಿ, ಒಟ್ಟಿಗೆ ಸುಮ್ಮನಾಗಿ, ಮತ್ತೆ ಒಟ್ಟಿಗೆ ಮಾತನಾಡುವ ವಿನೋದವು ಇದರಿಂದಲೇ. ಹಣದ ವ್ಯವಹಾರದಲ್ಲಿ ಎರಡು ಗಣಕಯಂತ್ರಗಳು ಒಂದನ್ನೊಂದು ನಂಬುವ ಮೊದಲು ಹಲವು ಬಾರಿ ಪ್ರಶ್ನೋತ್ತರ ನಡೆಸಬೇಕು. ಆರು ಬಾರಿಯೆಂದರೆ ಮೂರು ಸೆಕೆಂಡು.

ಮೂರು ಸೆಕೆಂಡನ್ನು ಸಹಿಸಿಕೊಳ್ಳಬಹುದು. ಸಹಿಸಲಾಗದುದು ನೂಕುನುಗ್ಗಲು. ಉಪಗ್ರಹದಿಂದ ದ್ವೀಪಗಳಿಗೆಲ್ಲ ಸೇರಿ ದೊರೆಯುತ್ತಿದ್ದುದು ಸೆಕೆಂಡಿಗೆ 170 ಕೋಟಿ ಬಿಟ್ಟುಗಳು (ಬಿಟ್ಟೆಂದರೆ ‘ಹೌದು’ ಅಥವಾ ‘ಅಲ್ಲ’ ಎಂಬಷ್ಟು ಸುದ್ದಿ). ಇದನ್ನು 64,473 ಜನರಿಗೆ ಹಂಚಿದರೆ ತಲೆಗೆ ಸುಮಾರು 26,000. ಹಳೆಯ ಪದ್ಧತಿಯ ಒಂದು ದೂರವಾಣಿ ಮಾತುಕತೆಗೇ 64,000 ಬೇಕು! ಎಲ್ಲರೂ ಏಕಕಾಲಕ್ಕೆ ಬಳಸುವುದಿಲ್ಲವೆಂಬುದೇನೋ ಸರಿ. ಆದರೆ ಮೀನು ದಡಕ್ಕೆ ಬಂದ ಹೊತ್ತಿನಲ್ಲಿ ಕೊಚ್ಚಿಯ ಧಾರಣೆ ಕೇಳುವವನೂ, ಹಡಗಿನ ಟಿಕೇಟು ಕಾದಿರಿಸುವವನೂ, ಪ್ರವಾಸಿಗನಿಂದ ಕೋಣೆಯ ಬಾಡಿಗೆ ಪಡೆಯುವವನೂ, ಪರೀಕ್ಷೆಯ ಫಲಿತಾಂಶ ನೋಡುವ ಹುಡುಗಿಯೂ ಅದೇ ಇಕ್ಕಟ್ಟಾದ ಬಾಗಿಲಲ್ಲಿ ನುಗ್ಗಬೇಕಾಗುತ್ತಿತ್ತು.

2020ರ ಸ್ವಾತಂತ್ರ್ಯ ದಿನದಂದು, ಸಾವಿರ ದಿನಗಳೊಳಗೆ ಲಕ್ಷದ್ವೀಪಕ್ಕೆ ಕಡಲಡಿಯ ಗಾಜಿನ ತಂತಿಯನ್ನು ಒಯ್ಯಲಾಗುವುದೆಂದು ಪ್ರಧಾನಿಯವರು ಸಾರಿದರು. ಸಾವಿರಕ್ಕೆ ಕೊಂಚ ಹೆಚ್ಚೇ ಹಿಡಿಯಿತು. 2024ರ ಜನವರಿ 3ರಂದು ಕವರತ್ತಿಯಲ್ಲಿ ಅದರ ಉದ್ಘಾಟನೆಯಾಯಿತು. ಕೊಚ್ಚಿಯಿಂದ ಹೊರಟು ಹನ್ನೊಂದು ದ್ವೀಪಗಳನ್ನು ಮುಟ್ಟುವ ಈ ತಂತಿಯ ಒಟ್ಟು ಉದ್ದ 1,868 ಕಿಲೋಮೀಟರು. ನಮ್ಮ ಹಳೆಯ ನೆರೆಯವರಾದ ಅಮೀನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾಗಳೂ ಅದರಲ್ಲಿ ಸೇರಿವೆ. ಸೆಕೆಂಡಿಗೆ 170 ಕೋಟಿ ಬಿಟ್ಟುಗಳಿದ್ದಲ್ಲಿ ಈಗ 20,000 ಕೋಟಿ ಬಿಟ್ಟುಗಳಿಗೆ ಅವಕಾಶ. ತಲೆಗೆ 31 ಲಕ್ಷ.

ಇದರ ಹಿಂದಿರುವ ತತ್ತ್ವವನ್ನು ಈಜು ಬಲ್ಲವರೆಲ್ಲ ನೋಡಬಹುದು. ತಿಳಿನೀರಿನ ಕೆರೆಯಲ್ಲಿ ಮುಳುಗಿ, ಕಣ್ಣು ತೆರೆದು ಮೇಲಕ್ಕೆ ನೋಡಿ. ನೆತ್ತಿಯ ಮೇಲೆ ಒಂದು ದುಂಡನೆಯ ಕಿಟಿಕಿಯಲ್ಲಿ ಆಕಾಶವೂ ದಡದ ಮರಗಳೂ ಕಾಣುತ್ತವೆ. ಅದರಾಚೆಗೆ ನೀರಿನ ಮೇಲ್ಮೈಯು ಕನ್ನಡಿಯಾಗಿ ಕೆರೆಯ ತಳವನ್ನೇ ತೋರಿಸುತ್ತದೆ. ನೀರಿನಿಂದ ಗಾಳಿಗೆ ಹೊರಟ ಬೆಳಕು, ಮೇಲ್ಮೈಗೆ ಎಳೆದ ಲಂಬದಿಂದ 48.6 ಡಿಗ್ರಿಗಿಂತ ಹೆಚ್ಚು ಓರೆಯಾಗಿದ್ದರೆ, ಹೊರಗೆ ಹೋಗದೆ ಪೂರ್ತಿಯಾಗಿ ಒಳಕ್ಕೇ ಮರಳುವುದು. ಇದೇ ಪೂರ್ಣ ಆಂತರಿಕ ಪ್ರತಿಫಲನ. ಗಾಜಿನ ಎಳೆಯಲ್ಲಿ ನಡುವೆ ಒಂದು ಬಗೆಯ ಗಾಜು, ಅದರ ಸುತ್ತ ವಕ್ರೀಭವನಾಂಕವು ತುಸುವೇ ಕಡಮೆಯಾದ ಇನ್ನೊಂದು ಬಗೆಯ ಗಾಜು. ಒಳಗೆ ಬಿಟ್ಟ ಬೆಳಕು ಅಂಚಿಗೆ ತಾಗಿ ತಾಗಿ ಮರಳುತ್ತ ಮುಂದೆ ಸಾಗುವುದು. ದೂರದ ತಂತಿಗಳಲ್ಲಿ ನಡುವಣ ಗಾಜಿನ ಅಡ್ಡಳತೆಯು ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲು ಮಾತ್ರ. ಇಷ್ಟು ಸಪುರವಾದಾಗ ‘ಕಿರಣವು ಪುಟಿಯುವುದು’ ಎಂಬ ನಮ್ಮ ಚಿತ್ರವು ಪೂರ್ತಿ ಸರಿಯಲ್ಲ. ಅಲೆಯು ಕಾಲುವೆಯಲ್ಲಿ ಹರಿದಂತೆ ಎನ್ನಬೇಕು. ತರಗತಿಯಲ್ಲಿ ನಾನು ಮೊದಲು ಸುಳ್ಳನ್ನೇ ಹೇಳಿ, ಆಮೇಲೆ ತಿದ್ದುವುದು ರೂಢಿ.

ತತ್ತ್ವವು ಹಳೆಯದು, 1840ರ ದಶಕದಲ್ಲಿಯೇ ಜಿನೀವದ ಕೊಲಾಡಾನನು ನೀರಿನ ಧಾರೆಯೊಳಗೆ ಬೆಳಕನ್ನು ಬಾಗಿಸಿ ತೋರಿಸಿದ್ದನು. ಪಂಜಾಬಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು 1954ರಲ್ಲಿ ಹಾಪ್ಕಿನ್ಸರೊಡನೆ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನೇ ದಾಟಿಸಿದರು. ಆದರೆ ಅಂದಿನ ಗಾಜಿನಲ್ಲಿ ಬೆಳಕು ಕೆಲವು ಮೀಟರು ಹೋಗುವಷ್ಟರಲ್ಲಿ ಕಂದಿಹೋಗುತ್ತಿತ್ತು. 1966ರಲ್ಲಿ ಚಾರ್ಲ್ಸ್ ಕಾವೊ ಎಂಬವರು, ದೋಷವು ಗಾಜಿನದಲ್ಲ, ಅದರೊಳಗಿನ ಕಶ್ಮಲದ್ದು ಎಂದು ವಾದಿಸಿದರು. ಒಂದು ಕಿಲೋಮೀಟರು ಹೋದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕು, ದೂರವಾಣಿಗೆ ಇದನ್ನು ಬಳಸಬಹುದೆಂದು ತೋರಿಸಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪೆನಿಯು ಅಂತಹ ಗಾಜನ್ನು ಮಾಡಿತು. ಕಾವೊ ಅವರಿಗೆ ನೊಬೆಲ್ ಬಹುಮಾನ ಬಂದುದು 2009ರಲ್ಲಿ. ಇಂದಿನ ಗಾಜಿನಲ್ಲಿ ಅದೇ ನೂರರಲ್ಲಿ ಒಂದು ಪಾಲು ಉಳಿಯುವುದು 100 ಕಿಲೋಮೀಟರು ಹೋದ ಮೇಲೆ!

ಆದರೂ 400 ಕಿಲೋಮೀಟರೆಂದರೆ ನೂರರ ಭಾಗಾಕಾರವನ್ನು ನಾಲ್ಕು ಸಲ ಮಾಡಬೇಕು: ಹತ್ತು ಕೋಟಿಯಲ್ಲಿ ಒಂದು ಪಾಲು. ಆದುದರಿಂದ ಉದ್ದವಾದ ತಂತಿಗಳಲ್ಲಿ ಅಲ್ಲಲ್ಲಿ ವರ್ಧಕಗಳನ್ನು ಜೋಡಿಸಿ ಕಡಲ ತಳದಲ್ಲಿ ಮಲಗಿಸುತ್ತಾರೆ. ಎರ್ಬಿಯಮ್ ಎಂಬ ಧಾತುವನ್ನು ಬೆರೆಸಿದ ಗಾಜಿನ ತುಂಡಿಗೆ ಬೇರೊಂದು ಲೇಸರಿನಿಂದ ಚೈತನ್ಯವನ್ನು ತುಂಬಿಟ್ಟರೆ, ಬಳಲಿ ಬಂದ ಬೆಳಕು ಅದರ ಮೂಲಕ ಹಾಯುವಾಗ ಮತ್ತೆ ಪುಷ್ಟಿಗೊಳ್ಳುವುದು. ಈ ವರ್ಧಕಗಳಿಗೆ ಬೇಕಾದ ವಿದ್ಯುತ್ತನ್ನು ಅದೇ ತಂತಿಯೊಳಗಿನ ತಾಮ್ರದ ಕೊಳವೆಯು ದಡದಿಂದ ಒಯ್ಯುತ್ತದೆ. ಬಳಸುವ ಬೆಳಕು ಕಣ್ಣಿಗೆ ಕಾಣದ ಅವಕೆಂಪು. ಆವರ್ತ ಸೆಕೆಂಡಿಗೆ ಸುಮಾರು 193 ಲಕ್ಷ ಕೋಟಿ. ಅಯಾನ್ ಮಂಡಲದ ಮೂರು ಕೋಟಿಯೊಡನೆ ಇದನ್ನು ಹೋಲಿಸಿದರೆ, ಗಾಜಿನ ಎಳೆಗೆ ಇಷ್ಟು ಸುದ್ದಿಯನ್ನು ಹೊರುವ ಶಕ್ತಿ ಎಲ್ಲಿಂದ ಬಂದಿತೆಂಬುದು ತಿಳಿಯುತ್ತದೆ. ಗಾಜಿನಲ್ಲಿ ಬೆಳಕಿನ ವೇಗವು 2 ಲಕ್ಷ ಕಿಲೋಮೀಟರಿಗೆ ಇಳಿದರೂ, 400 ಕಿಲೋಮೀಟರು ಹೋಗಿ ಬರಲು ಸೆಕೆಂಡಿನ ಸಾವಿರದಲ್ಲಿ ನಾಲ್ಕು ಪಾಲು ಸಾಕು. ಮಳೆ, ಗುಡುಗು, ಗಾಳಿಗಳ ಗೊಡವೆಯಿಲ್ಲ.

ಗೊಡವೆಯಿರುವುದು ಲಂಗರುಗಳದ್ದು. ಪ್ರಪಂಚದಲ್ಲಿ ವರ್ಷಕ್ಕೆ 150ರಿಂದ 200 ಬಾರಿ ಕಡಲಡಿಯ ತಂತಿಗಳು ಕೆಡುತ್ತವೆ. ಹೆಚ್ಚಿನವು ಮೀನಿನ ಬಲೆ ಮತ್ತು ಹಡಗುಗಳ ಲಂಗರುಗಳಿಂದ. ದೊಡ್ಡ ದೇಶಗಳಿಗೆ ಹಲವು ತಂತಿಗಳಿರುವುದರಿಂದ ಒಂದು ಕೆಟ್ಟರೂ ಜನರಿಗೆ ತಿಳಿಯುವುದಿಲ್ಲ. ಒಂದನ್ನೇ ನೆಚ್ಚಿದವರ ಗತಿಯನ್ನು 2022ರ ಜನವರಿ 15ರಂದು ಶಾಂತಸಾಗರದ ಟೊಂಗಾ ದ್ವೀಪಗಳು ಕಂಡವು. ಸಮುದ್ರದಡಿಯ ಜ್ವಾಲಾಮುಖಿಯು ಸಿಡಿದು, ಫಿಜಿಯಿಂದ ಬಂದಿದ್ದ ಅವರ ಏಕೈಕ ತಂತಿಯು ತುಂಡಾಯಿತು. ಅದನ್ನು ಮತ್ತೆ ಜೋಡಿಸಲು ಐದು ವಾರಗಳು ಹಿಡಿದವು. ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳುಹಿಸುವ ಹಣವೇ ದೊಡ್ಡ ಆಧಾರವಾದ ಆ ನಾಡಿನಲ್ಲಿ, ಬೂದಿ ಬಿದ್ದ ಮನೆಗಳಿಗೆ ಹಣವೂ ಬಾರದೆ ಹೋಯಿತು. 2017ರ ಸೆಪ್ಟೆಂಬರಿನಲ್ಲಿ ಕೆರಿಬಿಯನ್ ಸಮುದ್ರದ ಡೊಮಿನಿಕ ದ್ವೀಪಕ್ಕೆ ‘ಮರಿಯ’ ಎಂಬ ಚಂಡಮಾರುತ ಬಡಿದಾಗ ಗೋಪುರಗಳೇ ಉರುಳಿದವು. ಆಗ ಹೊರಗಿನ ಲೋಕಕ್ಕೆ ಸುದ್ದಿಯನ್ನು ಮುಟ್ಟಿಸಿದವರಲ್ಲಿ ಹವ್ಯಾಸಿ ರೇಡಿಯೋಗಾರರು ಮುಖ್ಯರು: ನಾವು ಕೆಲಸಕ್ಕೆ ಬಾರದೆಂದು ಮೇಲೆ ಬಿಟ್ಟುಬಂದ ಅದೇ ಅಯಾನ್ ಮಂಡಲದ ನೆರವಿನಿಂದ. ಆದುದರಿಂದಲೇ ಹೊಸ ತಂತಿ ಬಂದಿತೆಂದು ದ್ವೀಪಗಳಲ್ಲಿ ಉಪಗ್ರಹದ ಬೋಗುಣಿಗಳನ್ನು ಕಳಚಿಡುವುದು ಜಾಣತನವಲ್ಲ.

ನಮ್ಮ ವಿದ್ಯಾರ್ಥಿಗೆ ಇಷ್ಟನ್ನೆಲ್ಲ ಅಂಗಡಿಯ ಜಗಲಿಯಲ್ಲಿ ನಿಂತು ಹೇಳಲು ಆಗಲಿಲ್ಲ; ಮಳೆ ಜೋರಾಯಿತು. ಕತ್ತಲಾಗುವ ಹೊತ್ತಿಗೆ ರಸ್ತೆಯಂಚಿನಲ್ಲಿ ಇಬ್ಬರು ಕೆಲಸಗಾರರು ಟಾರ್ಪಾಲಿನಡಿ ಕುಳಿತು, ಕಿತ್ತುಹೋದ ತಂತಿಯನ್ನು ಬೆಸೆಯುತ್ತಿದ್ದರು. ನಾವಿಬ್ಬರೂ ಕೊಡೆ ಹಿಡಿದು ನೋಡಿದೆವು. ಕೂದಲಿನಷ್ಟು ದಪ್ಪದ ಎಳೆಯ ತುದಿಯನ್ನು ಸಿಪ್ಪೆ ಸುಲಿದು, ಒರೆಸಿ, ನೆಟ್ಟಗೆ ಕತ್ತರಿಸಿ, ಎರಡು ತುದಿಗಳನ್ನು ಒಂದು ಸಣ್ಣ ಪೆಟ್ಟಿಗೆಯೊಳಗೆ ಎದುರುಬದುರಾಗಿ ಇಟ್ಟರು. ಪೆಟ್ಟಿಗೆಯ ತೆರೆಯ ಮೇಲೆ ಎರಡು ಎಳೆಗಳೂ ದೊಡ್ಡದಾಗಿ ಕಂಡವು. ತಾವಾಗಿಯೇ ಸರಿದು ಒಂದೇ ರೇಖೆಗೆ ಬಂದವು. ಕ್ಷಣ ಮಾತ್ರ ವಿದ್ಯುತ್ತಿನ ಕಿಡಿ ಹೊತ್ತಿತು. ಗಾಜು ಕರಗಿ ಒಂದಾಯಿತು. ಬೆಸುಗೆಯಲ್ಲಿ ನಷ್ಟವಾದ ಬೆಳಕು ನೂರರಲ್ಲಿ ಒಂದು ಪಾಲಿನಷ್ಟೂ ಇಲ್ಲವೆಂದು ತೆರೆಯು ತೋರಿಸಿತು.

“ಇನ್ನು ಎಷ್ಟು ಉಂಟು ಅಣ್ಣ?” ಎಂದು ಹುಡುಗನು ಕೇಳಿದನು.

“ಇಪ್ಪತ್ತಮೂರು” ಎಂದರು ಅವರು, ತಲೆಯೆತ್ತದೆ, ಮುಂದಿನ ಎಳೆಯನ್ನು ಒರೆಸುತ್ತ.